ದರ್ಭೆಯ ಕಾಗೆ ಬೇಡವೆಂದ ಕಾಕು

ಈ ಸಲವೂ ಬೇವು ಹೂಬಿಟ್ಟಿತು. ಯುಗಾದಿಯ ಬೆಳಿಗ್ಗೆ ಒಗೆದ ಬಟ್ಟೆ ಹರವಲು ಮಾಳಿಗೆಗೆ ಹೋದಾಗ ಆ ವಾಸನೆ ಬಂತು. ಇಷ್ಟು ಕಹಿ ಮರಕ್ಕೆ ಇಷ್ಟು ನವುರಾದ ವಾಸನೆ ಯಾರು ಕೊಟ್ಟರೋ... ಹಸಿ ಸೀರೆ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಈ ವಾಸನೆಯ ಜೊತೆಗೆ ಒಂದು ದನಿಯೂ ಬರಬೇಕಿತ್ತು, ಬರಲಿಲ್ಲ. ಕೋಗಿಲೆ ಕೂಗದ ಯುಗಾದಿ ನಮ್ಮ ಓಣಿಗೆ ಹೊಸದೇನಲ್ಲ. ಆದರೆ ಆಗ ನನಗೆ ನೆನಪಾದದ್ದು ಕೋಗಿಲೆಯಲ್ಲ, ಪಕ್ಕದ ಮನೆಯ ಕಾಕು.

ಕಾಕು ಎಂದರೆ ನಮ್ಮ ಕಡೆ ಚಿಕ್ಕಮ್ಮ, ಆದರೆ ಈಕೆ ನಮ್ಮ ಬಳಗದವಳಲ್ಲ. ಆಕೆಯ ಗಂಡನೂ ನಮ್ಮ ಅಪ್ಪನೂ ರೈಲ್ವೆಯಲ್ಲಿದ್ದರು, ಎರಡೂ ಮನೆಯವರು ವಿಜಯಪುರದ ಕಡೆಯವರು. ಇಬ್ಬರೂ ತೆಲುಗು ನಾಡಿನ ಮಲ್ಕಾಜ್‌ಗಿರಿಯಲ್ಲಿ ಅಕ್ಕಪಕ್ಕ ಜಾಗ ಹಿಡಿದು ಮನೆ ಕಟ್ಟಿದರು. ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ನಡುವಿನ ಗಿಡ್ಡ ಗೋಡೆಯ ಎರಡೂ ಬದಿಗೆ ಕನ್ನಡ. ಅವ್ವ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದುದರಿಂದ ನನ್ನ ಊಟ, ಜಡೆ, ಜ್ವರ ಎಲ್ಲವೂ ಕಾಕುವಿನ ಪಾಲಿಗೆ ಬಂದವು. ಆಕೆಯ ಬೈಗುಳವಂತೂ ನನಗೆ ಸ್ವಂತ ಮಗನಿಗಿಂತ ಒಂದು ಹಿಡಿ ಹೆಚ್ಚೇ ಸಿಕ್ಕಿದೆ.

ಬೇವಿನ ಮರ ಆ ಗಿಡ್ಡ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬುಡ ನಮ್ಮ ಕಡೆ, ನೆರಳು ಅವರ ಕಡೆ. ಪ್ರತಿದಿನ ಅನ್ನ ಇಳಿಸಿದ ಕೂಡಲೇ ಕಾಕು ಮೊದಲ ಹಿಡಿಯನ್ನು ಗೋಡೆಯ ಮೇಲಿಟ್ಟು ಕಾಗೆಗಳನ್ನು ಕರೆಯುತ್ತಿದ್ದಳು. ದೇವರ ನೈವೇದ್ಯ ಆಮೇಲೆ. ಅಕ್ಕಿ ಹಸನು ಮಾಡುವುದೂ ಆ ಮರದ ಕೆಳಗೇ. ಉದುರಿದ ನುಚ್ಚಿಗೆ ಗುಬ್ಬಿಗಳು ಆಕೆಯ ಸೀರೆಯ ನಿರಿಗೆಯ ತನಕ ಬರುತ್ತಿದ್ದವು. ನಮ್ಮ ಪಡಸಾಲೆಯ ದೇವರ ಪಟದ ಹಿಂದೆ ಗುಬ್ಬಿಯ ಸಂಸಾರವೇ ಇತ್ತು, ಫ್ಯಾನು ಹಾಕಬೇಕಾದರೆ ಅವುಗಳನ್ನು ಕೇಳಿಕೊಂಡು ಹಾಕುವ ಹಾಗಿತ್ತು ಸ್ಥಿತಿ. ಈಗ ಅಕ್ಕಿ ಪ್ಯಾಕೆಟ್ಟಿನಲ್ಲಿ ಹಸನಾಗಿಯೇ ಬರುತ್ತದೆ. ನುಚ್ಚೂ ಇಲ್ಲ, ಗುಬ್ಬಿಯೂ ಇಲ್ಲ.

ಓಣಿಯವರಿಗೆ ಕಾಗೆ ಎಂದರೆ ಅಪಶಕುನ. ತಲೆಗೆ ತಾಗಿದರೆ ಸ್ನಾನ, ಕೂಗಿದರೆ ಕಲ್ಲು. ಅದೇ ಜನ ಪಿತೃಪಕ್ಷ ಬಂತೆಂದರೆ ಬಾಳೆಲೆಯಲ್ಲಿ ವಡೆ, ಪಾಯಸ ಇಟ್ಟುಕೊಂಡು ಮಾಳಿಗೆಯ ಮೇಲೆ ನಿಂತು ಕಾ ಕಾ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಕಾಕುವಿಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು.

“ವರ್ಷಾನಗಟ್ಟಲೆ ಕಲ್ಲು ಒಗೀತಾರ, ಪಕ್ಷದಾಗ ವಡಿ ತಂದು ಇಡ್ತಾರ. ಕಾಗಿಗೇನು ಮಾನಾ ಮರ್ಯಾದಿ ಇಲ್ಲೇನು?” ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಗೂಡಿನಲ್ಲಿ ಮರಿಗಳಿದ್ದಾಗ ಕಾಗೆಗಳು ಹೋಗಿಬರುವವರ ತಲೆ ಕುಕ್ಕತೊಡಗಿದವು. ಓಣಿಯ ಹಿರಿಯರು ಸೇರಿ ಟೊಂಗೆ ಕಡಿಯಲು ಆಳುಗಳನ್ನು ಕರೆಸಿದರು. ಕಾಕು ಮರದ ಕೆಳಗೆ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಬೇಳೆಯ ತಾಟು ಇಟ್ಟುಕೊಂಡು ಕುಳಿತುಬಿಟ್ಟಳು. ಆಳುಗಳಿಗೆ ತನ್ನ ಹರಕು ತೆಲುಗಿನಲ್ಲಿ, ಚೆಟ್ಟು ಮುಟ್ಟೊದ್ದು, ಮರ ಮುಟ್ಟಬೇಡಿ ಎಂದಳು. ಹಿರಿಯರೊಬ್ಬರು ನಗುತ್ತ, ಅಮ್ಮಾ, ಕೋಗಿಲೆಯಿದ್ದರೆ ನಾವೇ ನೀರು ಹಾಕಿ ಸಾಕುತ್ತಿದ್ದೆವು, ಇವು ಬರೀ ಕಾಗೆಗಳು ಎಂದರು. ಅವರು ಬೀದರಿನವರು, ಕನ್ನಡ ಬಲ್ಲವರು. ಕಾಕು ಬೇಳೆಯಿಂದ ತಲೆ ಎತ್ತಲಿಲ್ಲ.

“ಕೋಗಿಲಿ ಎಲ್ಲಿ ತತ್ತಿ ಇಡ್ತೈತ್ರಿ? ಇದs ಗೂಡಿನ್ಯಾಗ. ಬಾಣಂತಿ ಖೋಲಿ ಕೆಡವಿ, ಕೂಸು ಕೊಡ್ರಿ ಅಂತ ಕೇಳ್ತೀರೇನು? ಛತ್ರಿ ಹಿಡ್ಕೊಂಡು ಓಡಾಡ್ರಿ.”

ಆ ಬೇಸಿಗೆ ಇಡೀ ಓಣಿ ಸುಡುಬಿಸಿಲಲ್ಲಿ ಮಳೆಗಾಲದ ಛತ್ರಿ ಹಿಡಿದು ಓಡಾಡಿತು. ಅಂಚೆಯವನೂ ಹಿಡಿದ. ನಾನು ಕಾಲೇಜಿಗೆ ಹೋಗುವ ಹುಡುಗಿ, ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ. ಕಾಕುವಿನ ಮೇಲೆ ರೇಗಿದರೆ ಆಕೆ ನನ್ನ ಕೆನ್ನೆ ಹಿಂಡಿ, “ನೀನೂ ಬ್ಯಾರೆಯವರ ಗೂಡಿನ್ಯಾಗ ಬೆಳೆದಾಕಿನs, ಸುಮ್ನಿರು” ಎಂದಳು. ಅದೇ ಗೂಡಿನಿಂದ ಆ ವರ್ಷ ಕೋಗಿಲೆಮರಿಯೊಂದು ಹೊರಬಿತ್ತು. ಪಾಪ, ಕಾಗೆ ಅದರ ಬಾಯಿಗೆ ತುತ್ತು ತುರುಕುತ್ತಿದ್ದುದನ್ನು ನಾವಿಬ್ಬರೂ ಮಾಳಿಗೆಯಿಂದ ನೋಡಿದೆವು...

ಆಮೇಲೆ ಏನಾಯಿತೆಂದು ಒಂದು ಮಾತಿನಲ್ಲಿ ಹೇಳಲಾರೆ. ಒಂದೊಂದೇ ಮನೆ ಎತ್ತರವಾಯಿತು, ಒಂದೊಂದೇ ಮರ ಹೋಯಿತು. ಪಾರಿವಾಳಗಳು ಬಂದವು, ಅವುಗಳ ಹಿಂದೆಯೇ ಬಾಲ್ಕನಿಗಳಿಗೆ ಬಲೆ ಬಂತು. ಗೋಡೆಯ ಮೇಲಿನ ಅನ್ನ ಮಧ್ಯಾಹ್ನದ ತನಕ ಒಣಗುವುದು ರೂಢಿಯಾಯಿತು. ಕಾಕು ಆ ಒಣಗಿದ ಅನ್ನ ನೋಡಿ ಅಳಲಿಲ್ಲ, ಬೈದಳು. ಅದೇ ದಿನಗಳಲ್ಲಿ ಯಾರದೋ ಮನೆಯ ಹತ್ತನೇ ದಿನದ ಕ್ರಿಯೆಯಲ್ಲಿ ಕಾಗೆ ಬಾರದೆ, ದರ್ಭೆಯಿಂದ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರೆಂದು ಆಕೆಯ ಕಿವಿಗೆ ಬಿತ್ತು. ನನ್ನನ್ನು ಗೋಡೆಯ ಹತ್ತಿರ ಕರೆದಳು.

“ನಾ ಹೋದಾಗ ಹುಲ್ಲಿನ ಕಾಗಿ ಮಾಡಗೊಡಬ್ಯಾಡ. ಜೀವ ಇದ್ದ ಕಾಗಿಗೆ ಉಣಿಸೀನಿ, ಜೀವ ಇದ್ದದ್ದs ಬರಬೇಕು. ಬರಲಿಲ್ಲಂದ್ರ ಉಪಾಸ ಇರ್ತೀನಿ.”

ನಾನು ಹೂಂ ಎಂದೆ. ಇಂಥ ಮಾತಿಗೆ ಎಲ್ಲರೂ ಹಾಗೆಯೇ ಹೂಂ ಎನ್ನುತ್ತಾರೆ.

ಕಾಕು ಹೋದ ಹತ್ತನೇ ದಿನ ಊರ ಹೊರಗಿನ ಕೆರೆಯ ದಂಡೆಗೆ ಹೋದೆವು. ಮಗ ಪಿಂಡವಿಟ್ಟು ದೂರ ಸರಿದು ಕೈಮುಗಿದು ನಿಂತ. ಆಕಾಶ ಬೋಳಾಗಿತ್ತು. ಕಾಗೆ ಬಾರದಿದ್ದರೆ ಹೋದವರಿಗೆ ಆಸೆ ಉಳಿದಿದೆ ಎಂದರ್ಥ, ಅದನ್ನು ತೀರಿಸುತ್ತೇನೆಂದು ಮಾತು ಕೊಡಬೇಕು ಎಂದು ಭಟ್ಟರು ನೆನಪಿಸಿದರು. ಮಗ ಶುರುಮಾಡಿದ. ಮಗಳ ಮದುವೆ ಚೆನ್ನಾಗಿ ಮಾಡುತ್ತೇನೆಂದ. ತಾಯಿಯ ಬಳೆ ತಂಗಿಗೇ ಕೊಡುತ್ತೇನೆಂದ. ಪಂಢರಪುರಕ್ಕೆ ಹೋಗಿಬರುತ್ತೇನೆಂದ. ಕೊನೆಗೆ ಗುಟ್ಕಾ ಬಿಡುತ್ತೇನೆಂದೂ ಹೇಳಿದ, ತಾಯಿ ಬದುಕಿರುವಷ್ಟು ದಿನ ಕೇಳಿ ಸೋತ ಮಾತದು. ಬಿಸಿಲು ಏರಿತು. ಹರಕೆಗಳೆಲ್ಲ ಮುಗಿದು ಅವನು ಸುತ್ತಲಿನವರ ಮುಖ ನೋಡತೊಡಗಿದ. ತಾಯಿಗೆ ತನ್ನ ಮೇಲೆ ಇಷ್ಟೊಂದು ಸಿಟ್ಟಿತ್ತೇ ಎಂದು ಅವನ ಕಣ್ಣು ತುಂಬಿಬಂದವು. ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಬರಲು ಕಾಗೆಯೇ ಇರಲಿಲ್ಲ, ಅಷ್ಟೇ.

ನಾನು ಮುಂದೆ ಬಂದೆ.

“ಕಾಕು, ಬೇವಿನ ಮರಕ್ಕ ಯಾರಿಗೂ ಕೈ ಹಚ್ಚಗೊಡಂಗಿಲ್ಲ” ಎಂದೆ, ದಂಡೆಯ ಆಚೆಗೂ ಕೇಳಿಸುವಂತೆ.

ಆಗಲೂ ಬರಲಿಲ್ಲ. ಭಟ್ಟರು ದರ್ಭೆ ತೆಗೆದು ಗಂಟು ಹಾಕತೊಡಗಿದಾಗ, ಅದನ್ನು ಕೆಳಗಿಡಿ ಎಂದೆ. ಶಾಸ್ತ್ರದಲ್ಲಿ ದಾರಿಯಿದೆ ತಾಯಿ ಎಂದರು. ಶಾಸ್ತ್ರದಲ್ಲಿರಬಹುದು, ಕಾಕು ಒಪ್ಪಿಲ್ಲ ಎಂದು ಆಕೆ ಹೇಳಿದ್ದನ್ನು ಹೇಳಿದೆ. ಮಗ ಕಣ್ಣೊರೆಸಿಕೊಂಡು, “ಅವ್ವ ಬ್ಯಾಡ ಅಂದಾಳಂದ್ರ ಬ್ಯಾಡ್ರಿ” ಎಂದ. ಪಿಂಡವನ್ನು ನೀರಿಗೆ ಬಿಟ್ಟೆವು. ಕಾಕು ಉಪವಾಸವೇ ಹೋದಳು. ಇದನ್ನು ಬರೆಯುವಾಗಲೂ ನನಗೆ ಪಶ್ಚಾತ್ತಾಪವಿಲ್ಲ.

ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಆಕೆಯ ಮಗ ಅಲ್ಲಿಯೇ ಮನೆ ಮಾಡಿದ. ಕಾಕುವಿನ ಮನೆಯಿದ್ದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಎಲೆ ಉದುರಿ ಕಾರು ಕೆಡುತ್ತವೆ, ಮರ ಕಡಿಸಿ ಎಂದು ಅಲ್ಲಿಯ ಸಂಘದ ಕಾರ್ಯದರ್ಶಿ ಬರುತ್ತಲೇ ಇದ್ದಾರೆ. ಬಂದಾಗಲೆಲ್ಲ ಚಹಾ ಕೊಟ್ಟು ಕಳಿಸುತ್ತೇನೆ. ಚಹಾದ ಮಟ್ಟಿಗೆ ನಾನು ಧಾರಾಳಿ.

ಈ ಯುಗಾದಿಯ ದಿನ ಹಸಿ ಸೀರೆ ಹಿಡಿದು ನಿಂತಿದ್ದೆನೆಂದೆನಲ್ಲ, ಆಗಲೇ ಕುಹೂ ಎಂದು ಕೇಳಿಸಿತು. ಕಿವಿಗೊಟ್ಟೆ. ಇನ್ನೊಮ್ಮೆ ಕೇಳಿಸಿತು, ಮತ್ತೊಮ್ಮೆ, ಅದೇ ಏರಿಳಿತ, ಅದೇ ಬಿಡುವು. ಬಗ್ಗಿ ನೋಡಿದರೆ ಅಪಾರ್ಟ್‌ಮೆಂಟಿನ ಶಾಮಿಯಾನಾದ ಕೆಳಗೆ ಬೇವಿನ ಹೂ, ಬೆಲ್ಲ, ಹುಣಸೆನೀರಿನ ಹಬ್ಬದ ಪಚ್ಚಡಿ ಹಂಚುತ್ತಿದ್ದರು. ಪಕ್ಕದಲ್ಲಿದ್ದ ಸ್ಪೀಕರಿನಿಂದ ಕೋಗಿಲೆ ಕೂಗುತ್ತಿತ್ತು.

ಚಪ್ಪಲಿ ಹಾಕಿಕೊಳ್ಳಲೂ ಪುರುಸೊತ್ತಾಗಲಿಲ್ಲ. ಇಳಿದು ಹೋಗಿ ಸ್ಪೀಕರಿನ ವೈರು ಕಿತ್ತೆ. ಎಲ್ಲರೂ ತಿರುಗಿ ನೋಡಿದರು. ನಿಮಗೆ ಕೋಗಿಲೆ ಇಷ್ಟವಿಲ್ಲವೇ ಎಂದು ಕಾರ್ಯದರ್ಶಿ ತೆಲುಗಿನಲ್ಲಿ ಕೇಳಿದರು. ಮರ ಕಡಿಯಿರಿ ಎನ್ನುವವರೂ ನೀವೇ, ಕೋಗಿಲೆ ಬೇಕೆನ್ನುವವರೂ ನೀವೇ ಎಂದೆ. ಅವರು ಸಿಟ್ಟಾಗಲಿಲ್ಲ. ಮೆಲ್ಲಗೆ, ಹೇಗೂ ಈಗ ಕಾಗೆಯೂ ಬರುವುದಿಲ್ಲವಲ್ಲ ಮೇಡಂ, ಇನ್ನು ಮರ ಯಾತಕ್ಕೆ ಎಂದರು. ಸಿಟ್ಟು ಬಂದರೆ ನನಗೆ ತೆಲುಗು ಮರೆತುಹೋಗುತ್ತದೆ.

“ಬಂದ್ರ ಎಲ್ಲಿ ಕೂಡ್ಬೇಕ್ರಿ?”

ಅರ್ಥವಾಗದೆ ಅವರು ನನ್ನ ಮುಖ ನೋಡಿದರು. ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದೆ. ಪಚ್ಚಡಿ ಕೊಟ್ಟರು, ಕುಡಿದು ಬಂದೆ. ಬೇವಿನ ಹೂ ನಮ್ಮ ಮರದ್ದೇ ಆಗಿತ್ತು.

ಮನೆಗೆ ಬಂದು ಅನ್ನ ಇಳಿಸಿ, ಮೊದಲ ಹಿಡಿಯನ್ನು ಗೋಡೆಯ ಮೇಲಿಟ್ಟೆ. ಪಾರಿವಾಳಗಳು ಬಂದವು, ಕಸಬರಿಗೆ ಬೀಸಿ ಓಡಿಸಿದೆ. ಕಾಕು ಇಲ್ಲ. ಆಕೆಯ ಹಾಗೆ ಕರೆಯಲು ನನಗೆ ಬರುವುದಿಲ್ಲ, ಆದರೂ ಕರೆದೆ. ಕೆರೆಯ ದಂಡೆಯಲ್ಲಿ ನಾನು ಕೊಟ್ಟ ಮಾತನ್ನು ಯಾವ ಕಾಗೆಯೂ ಬಂದು ಮುಟ್ಟಿಲ್ಲ. ಬಂದು ಮುಟ್ಟುವ ತನಕ ಮರ ಅಲ್ಲಿಯೇ ನಿಂತಿರುತ್ತದೆ.