ಮೊದಲ ಪುಟದ ಸಾಣೆಯವರು

ಸಾಣೆಯವರು ಚಾಕು ಹಿಡಿದು ನನ್ನ ಕಡೆ ತಿರುಗಿದರು, ಅಷ್ಟೇ. ನಾನು ಎರಡು ಹೆಜ್ಜೆ ಹಿಂದೆ ಸರಿದು, ಕಲ್ಲು ನೆನೆಸುವ ತೊಟ್ಟಿಯೊಳಗೆ ಕುಳಿತುಬಿಟ್ಟೆ. ಐವತ್ತು ದಾಟಿದ ದೇಹ. ಕೂರುವುದು ಸುಲಭ, ಏಳುವುದು ಕಷ್ಟ. ಅವರೇ ಕೈಕೊಟ್ಟು ಎಬ್ಬಿಸಿದರು.

"ಈಚೆಗೆ ಎಲ್ಲರೂ ಅಲ್ಲೇ ಕೂರ್ತಾರೆ," ಎಂದರು.

ಚಾಕು ನಮ್ಮದೇ, ನನ್ನ ಹೆಂಡತಿ ತರಕಾರಿ ಹೆಚ್ಚುವುದು. ಮೂವತ್ತು ವರ್ಷದಿಂದ ಅದಕ್ಕೆ ಸಾಣೆ ಹಿಡಿದವರೂ ಇವರೇ. ಬೀರುವಿನಷ್ಟು ಅಗಲದ ಅಂಗಡಿ, ಅಪ್ಪನ ಕಾಲದ ಚಕ್ರ, ಹರಿತ ನೋಡಲು ಒಂದು ಕಟ್ಟು ಹಳೆಯ ಪತ್ರಿಕೆ.

ಹಿಂದಿನ ತಿಂಗಳು ನಮ್ಮ ಬೀದಿಯ ಬಟ್ಟೆ ವ್ಯಾಪಾರಿಯನ್ನು ಯಾರೋ ಇರಿದು ಕೊಂದಿದ್ದರು. ಆ ಚಾಕುವಿಗೆ ಸಾಣೆ ಹಿಡಿದದ್ದು ಇಲ್ಲಿ ಎಂದು ಪೊಲೀಸರು ಇವರನ್ನು ಕರೆದೊಯ್ದರು. ಮರುದಿನ ಬೆಳಿಗ್ಗೆ ಮೊದಲ ಪುಟದಲ್ಲಿ ಹೆಸರು, ಫೋಟೊ, ಅಂಗಡಿಯ ವಿಳಾಸ. 'ಶಂಕಿತ' ಎಂಬ ಪದ ಮಾತ್ರ ಕನ್ನಡಕ ಹಾಕಿಕೊಂಡರೆ ಕಾಣುವಷ್ಟು. ನಾನು ವಾರಕ್ಕೊಮ್ಮೆ ನಗೆಬರಹ ಬರೆಯುವುದು ಅದೇ ಪತ್ರಿಕೆಗೆ.

ನಾಲ್ಕು ದಿನ ಬಿಟ್ಟು ಪೊಲೀಸರು ಇವರನ್ನು ಕಳಿಸಿಕೊಟ್ಟರು. ಬೀದಿಯವರ ಚಾಕುಗಳಿಗೆಲ್ಲ ಸಾಣೆ ಹಿಡಿದವರು ಇವರು, ಇನ್ಸ್‌ಪೆಕ್ಟರ ಮನೆಯದಕ್ಕೂ. ಆದರೆ ಹೋಟೆಲಿನ ಅಡುಗೆಯವರು ಬರುವುದು ನಿಂತಿತು. ಸ್ವಂತ ತಂಗಿ ಬಂದು, ನಾನಂತೂ ನಂಬಲ್ಲಪ್ಪ ಅಂದಳಂತೆ, ಹೊಸಿಲಿನ ಆಚೆಯೇ ನಿಂತು.

"ಕೊಂದವನು ನಾನಲ್ಲ ಅಂತ ನಿಮ್ಮ ಪೇಪರಲ್ಲಿ ಹಾಕಿಸಿ ಸ್ವಾಮಿ," ಎಂದರು ಸಾಣೆಯವರು. "ಆವತ್ತಿನಷ್ಟೇ ದಪ್ಪಕ್ಷರ, ಅದೇ ಪುಟ. ಇಲ್ದಿದ್ರೆ ಈ ಅಂಗಡಿ ಉಳಿಯಲ್ಲ."

ಒದ್ದೆ ಪ್ಯಾಂಟಿನಲ್ಲೇ ಸಂಪಾದಕರ ಮುಂದೆ ನಿಂತೆ. ನಾವು ತಪ್ಪೇನೂ ಬರೆದಿಲ್ಲ, ಪೊಲೀಸರು ಹೇಳಿದ್ದನ್ನೇ ಬರೆದಿದ್ದೇವೆ ಎಂದರು. ಆಮೇಲೆ ಜಾಗದ ಅಭಾವ ಎಂದರು. ನನ್ನ ಅಂಕಣದ ಜಾಗ ಕೊಡುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅಲ್ಲೇ ಉಳಿಯಿತು. ಕೊನೆಗೆ ಒಂಬತ್ತನೇ ಪುಟದಲ್ಲಿ ಎರಡು ಸಾಲು ಬಂತು, ಕಳೆದುಹೋದ ಅಂಕಪಟ್ಟಿಗೂ ಮಾರಾಟಕ್ಕಿರುವ ಹೊಲಿಗೆಯಂತ್ರಕ್ಕೂ ನಡುವೆ. ಸಾಣೆಯವರು ಅದನ್ನು ಕತ್ತರಿಸಿ, ಬೆರಳ ತುದಿಯಲ್ಲಿಟ್ಟುಕೊಂಡು ನೋಡಿದರು. ಇದರಲ್ಲಿ ಬ್ಲೇಡಿನ ಹರಿತ ನೋಡೋಕೂ ಆಗಲ್ಲ ಎಂದರು. ಫೋಟೊ ಬಂದ ದಿನದ ಪತ್ರಿಕೆಯಾದರೋ ಅವರ ಹತ್ತಿರ ರಾಶಿ ಇತ್ತು. ಅಕ್ಕಪಕ್ಕದವರೆಲ್ಲ ನೀವು ನೋಡಿದ್ರಾ ಎನ್ನುತ್ತ ಒಂದೊಂದು ಪ್ರತಿ ಕೊಟ್ಟುಹೋಗಿದ್ದರು.

ನಿನ್ನೆ ಪೊಲೀಸರು ಇನ್ನೊಬ್ಬನನ್ನು ಹಿಡಿದರು. ಸಂಪಾದಕರು ನನ್ನನ್ನೇ ಅಟ್ಟಿದರು, ಸಾಣೆಯವರದೊಂದು ಮಾತು ಬೇಕಂತೆ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಅವರು ಚಕ್ರದ ಪಟ್ಟಿ ಬಿಚ್ಚಿ ಸುತ್ತಿಡುತ್ತಿದ್ದರು. ನಾನು ತೊಟ್ಟಿ ಎಲ್ಲಿದೆ ಎಂದು ನೋಡಿಕೊಂಡು ನಿಂತೆ.

"ನಾಳೆ ಮೊದಲ ಪುಟದಲ್ಲಿ ಅವನ ಹೆಸರು, ಫೋಟೊ ಬರುತ್ತೆ," ಎಂದೆ. "ನೀವೇನಂತೀರಿ?"

ಅವರು ಪಟ್ಟಿಯ ಗಂಟು ಬಿಗಿದರು.

"ಹಾಕಿ. ಅವನಲ್ಲ ಅನ್ನೋ ಸುದ್ದೀನೂ ಅದೇ ಅಳತೇಲಿ ಇವತ್ತೇ ಬರೆದಿಟ್ಕೊಳ್ಳಿ. ಆಮೇಲೆ ಜಾಗ ಇರಲ್ಲ."