ಗಂಗಮ್ಮ ಕೂರದ ಹಲಗೆ

ಮೊನ್ನೆ ಬೆಳಗ್ಗೆ ಎದ್ದವಳೇ ಅಂಟುವಾಳದ ಕಾಯಿ ನೆನೆಹಾಕಿದೆ. ಅಡುಗೆಮನೆ ತುಂಬ ಅದರ ಹುಳಿ ವಾಸನೆ. ಚಿನ್ನ ತೊಳೆಯಲಿಕ್ಕೋ, ರೇಷ್ಮೆ ಸೀರೆಗೋ ಎಂದು ನೀವು ಕೇಳಬಹುದು. ಎರಡಕ್ಕೂ ಅಲ್ಲ, ಒಂದು ಸಾಗುವಾನಿ ಹಲಗೆಗೆ. ಆ ಹಲಗೆಯೆಂದರೆ ನನಗೆ ಇವತ್ತಿಗೂ ಅಳುಕು.

ಸಿಗಂದೂರಿನ ಕಡೆ, ಹಿನ್ನೀರಿನಾಚೆಯ ಶಾಲೆಗೆ ನನ್ನನ್ನು ಟೀಚರಾಗಿ ಹಾಕಿದಾಗ ನನಗೆ ಇಪ್ಪತ್ತೆರಡು. ಸೇತುವೆಯ ಸುದ್ದಿಯೇ ಇರಲಿಲ್ಲ. ದಿನವೂ ದಾಟಿಸುತ್ತಿದ್ದವನು ಮಂಜಣ್ಣ, ತನ್ನ ಮರದ ದೋಣಿಯಲ್ಲಿ. ದೋಣಿಗೆ ಅಡ್ಡಲಾಗಿ ಒಂದೇ ಒಂದು ದಪ್ಪ ಹಲಗೆ. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು, ಮೂಲೆಯಲ್ಲಿ ಹಳದಿ ಕಲೆ. ಅದೇ ಅಕ್ಕೋರ ಆಸನ. ನಾನೋ, ಬಸ್ಸಿನ ಸೀಟನ್ನೂ ಕರ್ಚೀಫಿನಿಂದ ಒರೆಸಿ ಕೂರುವ ಪೈಕಿ. "ಇವಳು ನೀರನ್ನೂ ತೊಳೆದು ಕುಡೀತಾಳೆ" ಎಂದು ರಿಪ್ಪನ್‌ಪೇಟೆಯಲ್ಲಿ ನನ್ನ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಮಂಜಣ್ಣನ ತಾಯಿ ಗಂಗಮ್ಮ ಸಂತೆಯ ದಿನ ನಮ್ಮ ಜೊತೆ ದಾಟುತ್ತಿದ್ದಳು. ಹಲಗೆಯಲ್ಲಿ ಜಾಗವಿದ್ದರೂ ಕೂರುತ್ತಿರಲಿಲ್ಲ. ದೋಣಿಯ ತಳದಲ್ಲಿ, ಒಸರಿ ನಿಂತ ನೀರಿನ ಪಕ್ಕ, ಸೀರೆ ಮುದುರಿ ಕುಕ್ಕರಗಾಲಲ್ಲಿ ಕೂರುವಳು. ಕರೆದರೆ, "ಬ್ಯಾಡ ಅಕ್ಕೋರೇ, ನಂಗೆ ಇಲ್ಲೇ ಹಿತ." ಹಲಗೆಯ ಕೊಳೆಗೆ ಹೇಸುತ್ತಾಳೆ ಅಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ನೋಡಿ.

ಒಂದು ಸಂತೆಯ ದಿನ ಎಲ್ಲರಿಗಿಂತ ಮೊದಲೇ ದಡಕ್ಕೆ ಹೋದೆ. ಕೈಯಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರು, ತಂತಿ ಬ್ರಷ್ಷು. ಉದ್ದುದ್ದಕ್ಕೆ, ಬೆವರು ಇಳಿಯುವಂತೆ ಉಜ್ಜಿದೆ. ಬೂದಿ ಬಣ್ಣ ಹೋಯಿತು, ಹಳದಿ ಕಲೆಯೂ ಹೋಯಿತು. ಗಂಗಮ್ಮ ಬಂದಾಗ, "ಈಗ ಕೂತ್ಕೊಳಿ" ಎಂದೆ, ಬಹುಮಾನ ಕೊಡುವವಳ ಹಾಗೆ.

ಅವಳು ಕೂರಲಿಲ್ಲ. ಮೂಲೆಯ ಮೇಲೆ ಬೆರಳಾಡಿಸಿದಳು. ಮರದ ಮೆದು ಭಾಗ ಕಿತ್ತುಹೋಗಿ ಗೆರೆಗೆರೆ ಎದ್ದಿತ್ತು.

"ಅದು ಕೊಳೆ ಅಲ್ಲ ಅಕ್ಕೋರೇ," ಮಂಜಣ್ಣ ಮೆಲ್ಲಗೆ ಹೇಳಿದ. "ನಮ್ಮನೆ ಹೊಸ್ತ್ಲು. ಡ್ಯಾಮ್ ಕಟ್ಟಿ ಮುಳುಗಡೇಲಿ ಮನೆ ಹೋಗ್ವಾಗ ಅಪ್ಪ ಇದೊಂದ್ನ ಕಿತ್ಕೊಂಡ್ ಬಂದಿದ್ದು. ಇದನ್ನ ಇಡೋವಂಥ ಮನೆ ಆಮೇಲೆ ಕಟ್ಟಕ್ಕೇ ಆಗ್ಲಿಲ್ಲ, ದೋಣೀಲೇ ಉಳೀತು. ಅವ್ವ ಇವತ್ತಿಗೂ ಶುಕ್ರವಾರ ಅರಿಶಿಣ ಹಚ್ಚದು ತಪ್ಸಲ್ಲ."

ಹೊಸ್ತಿಲ ಮೇಲೆ ಕೂತೆನೆಂದು ಚಿಕ್ಕವಳಿದ್ದಾಗ ಎಷ್ಟು ಬೈಸಿಕೊಂಡಿದ್ದೆ! ಇಲ್ಲಿ ಆರು ತಿಂಗಳು ದಿನಕ್ಕೆರಡು ಸಲ ಕೂತರೂ ಯಾರೂ ಒಂದು ಮಾತು ಅಂದಿರಲಿಲ್ಲ. ನಾಚಿಕೆಯಿಂದ ಅಲ್ಲೇ ಅತ್ತುಬಿಟ್ಟೆ.

"ಅಳಬ್ಯಾಡಿ. ತೊಳೆಯದು ಹ್ಯಾಂಗೆ ಅಂತ ಕಲೀರಿ" ಎಂದಳು ಗಂಗಮ್ಮ. ಮುಂದಿನ ಸಂತೆಗೆ ಅಂಟುವಾಳದ ನೊರೆ, ಮೆತ್ತಗಿನ ತೆಂಗಿನ ನಾರು ತಂದಳು. ನನ್ನ ಕೈ ಹಿಡಿದು, ಮೆದು ಭಾಗ ಕಿತ್ತುಬರದಂತೆ ಮರದ ಗೆರೆಗೆ ಅಡ್ಡಡ್ಡಕ್ಕೆ, ಮಗುವಿನ ಮುಖ ಒರೆಸಿದ ಹಾಗೆ ತಿಕ್ಕಿಸಿದಳು. ಎಣ್ಣೆ ಹಚ್ಚಲೇ ಎಂದೆ. "ಸಾಗುವಾನಿಗೆಂತಕ್ಕೆ ಎಣ್ಣೆ? ಅದ್ರದ್ದು ಅದ್ರಲ್ಲೇ ಇರ್ತದೆ. ಬೂದಿ ಬಣ್ಣ ಬಂದ್ರೆ ಬರ್ಲಿ, ನನ್ ತಲೆಗೆ ಬಂದಿಲ್ವಾ?"

ಅಂದಿನಿಂದ ವರ್ಗವಾಗಿ ಹೋಗುವವರೆಗೂ ನಾನೂ ದೋಣಿಯ ತಳದಲ್ಲೇ ಕೂತೆ. ಸೀರೆ ಒದ್ದೆಯಾಗುತ್ತಿತ್ತು. ಶುಚಿಯ ಕಾಯಿಲೆ ಅರ್ಧ ಅಲ್ಲೇ ಇಳಿಯಿತು.

ಗಂಗಮ್ಮ ಹೋಗಿ ಎಷ್ಟೋ ವರ್ಷವಾಯಿತು. ಸೇತುವೆ ಬಂದು ದೋಣಿ ನಿಂತಿದೆ. ಮಂಜಣ್ಣ ಕೊನೆಗೂ ಮನೆ ಕಟ್ಟಿ ಮೊನ್ನೆಯ ಹಿಂದಿನ ದಿನ ಫೋನ್ ಮಾಡಿದ್ದ. "ಹೊಸ್ತ್ಲು ಕೂರ್ಸಾಯ್ತು. ಗೃಹಪ್ರವೇಶಕ್ ಮುಂಚೆ ನೀವೇ ಬಂದು ತೊಳೀಬೇಕು."

"ನಾನಾ? ಅವತ್ತು ಮಾಡಿದ್ದು ಸಾಲ್ದಾ ಮಾರಾಯ?"

"ಅವ್ವ ಕೈ ಹಿಡಿದು ಕಲ್ಸಿದ್ದು ನಿಮಗೊಬ್ರಿಗೇ ಅಲ್ವಾ?"

ಹೋದೆ. ಬಾಗಿಲ ಹೊರಗೆ ಕೂತು ಅಡ್ಡಡ್ಡಕ್ಕೆ, ಮೆತ್ತಗೆ ತೊಳೆದೆ. ನಾನು ಎಬ್ಬಿಸಿದ ಗೆರೆಗಳು ಸವೆದಿದ್ದವು, ಹೋಗಿರಲಿಲ್ಲ. ನೀರಾರಿದ ಮೇಲೆ ಮಂಜಣ್ಣನ ಹೆಂಡತಿ ಬಂದು ಅರಿಶಿಣ ಹಚ್ಚಿದಳು. ಅದು ಮೊದಲು ಇಳಿದು ನಿಂತದ್ದು ಆ ಗೆರೆಗಳಲ್ಲೇ.

"ಒಳಗ್ ಬನ್ನಿ ಅಕ್ಕೋರೇ," ಮಂಜಣ್ಣ ಕರೆದ.

ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ತುಳಿಯದೆ, ಬಲಗಾಲಿಟ್ಟು ದಾಟಿದೆ.