ಏಳನೇ ಜಿನ್ನಿನ ತಾಳ

ಪರದೇಶದ ಪೋಸ್ಟ್-ಪಂಕ್ ಎಂಬ ಒರಟು ರಾಕ್ ಹಾಡುಗಳ ಗೊರಗೊರವೆಲ್ಲ ತನ್ನ ಇಯರ್‌ಫೋನಿನ ದೋಷವೆಂದೇ ಜಗದೀಶ ನಂಬಿದ್ದ. ಮೂರು ಇಯರ್‌ಫೋನ್ ಬದಲಿಸಿ, ನಾಲ್ಕನೆಯದಕ್ಕೆ ಅಂಗಡಿಯವನ ಜೊತೆ ಜಗಳಾಡಿದ ಮೇಲೆ ತಿಳಿಯಿತು: ಅವರು ಬೇಕೆಂದೇ ಹಾಗೆ ಬಾರಿಸುತ್ತಾರೆ! ಬೇಡವೆಂದರೂ ತನ್ನ ಕೈಗೆ ಬರುವುದು ಹಾಗೇ ತಾನೆ, ಸುಮ್ಮನೇಕಿರಬೇಕು? ಆದವಾನಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲಾರಿ ತೂಗುವ ಈ ಗುಮಾಸ್ತ ಗಿಟಾರ್ ಕೊಂಡ.

ಡ್ರಮ್ಮಿಗೆ ಗೆಳೆಯ ನಾಗೇಶ. ಅಮಾವಾಸ್ಯೆಗೊಮ್ಮೆ ಮಿಲ್ಲು ನಿಲ್ಲುತ್ತದಲ್ಲ, ಆವತ್ತು ಶೆಡ್ಡಿನಲ್ಲೇ ಫೋನಿಟ್ಟು ರೆಕಾರ್ಡಿಂಗ್. ಆರು ಹಾಡಿನ ಆಲ್ಬಂ. ಮೂರು ಮುಗಿಯುವಷ್ಟರಲ್ಲಿ ನಾಗೇಶ ಬಳ್ಳಾರಿಯ ಮದುವೆ ಬ್ಯಾಂಡ್ ಸೇರಿ, ಡ್ರಮ್ಮಿನ ಸಮೇತ ಹೊರಟುಹೋದ.

ಮುಂದಿನ ಅಮಾವಾಸ್ಯೆ ಜಗದೀಶ ಒಬ್ಬನೇ ಕೂತು ಗಿಟಾರನ್ನು ಗೋಳಾಡಿಸುತ್ತಿದ್ದ. ಯಂತ್ರದ ಪೂಜೆಗೆ ಕಾಯಿ ತಂದಿದ್ದ ಗುರುಲಿಂಗಮ್ಮ ನಿಂತು ಕೇಳಿದಳು. ಪೆದ್ದಕಡುಬೂರಿನಿಂದ ದಿನಾ ಆಟೋದಲ್ಲಿ ಬಂದು, ಇಪ್ಪತ್ತೆರಡು ವರ್ಷ ಬೀಜ ಬಿಡಿಸುವ ಜಿನ್ನು ಯಂತ್ರಕ್ಕೆ ಹತ್ತಿ ಉಣಿಸಿದವಳು. ಯಾವ ರೋಲರು ಸವೆದಿದೆಯೆಂದು ಕಿವಿಯಿಂದಲೇ ಹೇಳುವಳು. ಮೆಕ್ಯಾನಿಕ್ ಬಿಚ್ಚಿ ನೋಡಿ ಹೌದೆನ್ನುವನು.

“ಯಪ್ಪಾ, ಇದಕ್ಕ ತಳಾನೇ ಇಲ್ಲ. ತಡಿ,” ಎಂದವಳೇ ಹತ್ತಿಯ ಬೇಲು-ಮೂಟೆ ಕಟ್ಟುವ ಕಬ್ಬಿಣದ ಪಟ್ಟಿಗೆ ಸ್ಪ್ಯಾನರಿನಿಂದ ಬಡಿದಳು. ಟಣ್, ಟಣ್, ಟಣ್... ಟ. ನಾಲ್ಕನೇ ಪೆಟ್ಟು ಕುಂಟುತ್ತಿತ್ತು. ಜಗದೀಶನ ಮೈ ಜುಮ್ಮೆಂದಿತು.

“ಅಕ್ಕಾ, ಇದೆಲ್ಲಿ ಕಲಿತ್ರಿ?”

“ಏಳನೇ ಜಿನ್ನು ಹಿಂಗ ಕುಂಟತೈತಿ. ಕಲಿಯೋದೇನೈತಿ ಅದರಾಗ?”

ಎರಡು ಅಮಾವಾಸ್ಯೆಗೆ ಉಳಿದ ಮೂರೂ ಹಾಡು ಮುಗಿದವು. ಗುರುಲಿಂಗಮ್ಮ ಅವನ್ನು ಆಟೋದಲ್ಲಿ ಬರುವವರಿಗೆಲ್ಲ ಕೇಳಿಸಿದಳು, ಕೇಳಲೊಲ್ಲದವರಿಗೆ ಎರಡು ಸಲ.

“ಆಲ್ಬಂ ಮ್ಯಾಲ ನನ್ನ ಹೆಸರು ಪೂರಾ ಹಾಕು. ಬರೇ ಗುರು ಅಂತ ಹಾಕಿದ್ರ ಯಾವನೋ ಗಂಡಸು ಬಡದಾನ ಅಂತಾರ.”

ಮದುವೆ ಸೀಸನ್ ಮುಗಿಯಿತು. ನಾಗೇಶ ವಾಪಸು ಬಂದು ಹಾಡು ಕೇಳಿ ಮುಖ ಹಿಂಡಿದ.

“ಏಂ ರಾ, ಇದೇನು ಗದ್ದಲ? ಮೂರೂ ಅಳಿಸು, ನಾ ಬಾರಸ್ತೀನಿ. ಬ್ಯಾಂಡಿಗೆ ಇಬ್ಬರೇ ಸಾಕು. ಆಕಿಗೆ ನೀನೇ ಹೇಳು.”

ಲಾರಿ ಡ್ರೈವರಿಗೂ ಗಟ್ಟಿಯಾಗಿ ‘ಇಲ್ಲ’ ಎನ್ನಲಾರದ ಜಗದೀಶ ಊಟದ ಹೊತ್ತಿಗೆ ಗುರುಲಿಂಗಮ್ಮನ ಹತ್ತಿರ ಹೋದ. ಆಕೆ ಕೊಟ್ಟ ರೊಟ್ಟಿಯನ್ನು ನಾಚಿಕೆಯಿಲ್ಲದೆ ತಿಂದ, ಇನ್ನೊಂದನ್ನೂ ತಿಂದ. ಕೊನೆಗೆ ಬಾಯಿಬಿಟ್ಟ.

“ಅಕ್ಕಾ, ನಾಗೇಶ ಬಂದಾನ. ಇಬ್ಬರೇ ಸಾಕಂತಾನ. ನೀವು... ಬಿಟ್ಟುಕೊಡ್ತೀರೇನು?”

ಗುರುಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

“ಇಬ್ಬರೇ ಸಾಕಂದ್ರ ಅವನೂ ನಾನೂ ಇರ್ತೀವಿ. ನೀ ಬಿಡು. ಮೂವರಾಗ ಬಾರಸಾಕ ಬರಲಾರದವ ನೀ ಒಬ್ಬನೇ.”